ಬಚ್ಚಲುಮನೆಯಲ್ಲಿ ಶಾಂತಿ ಮೇಷ್ಟ್ರು

ಕಾಲುಚೀಲವನ್ನು ಅಂಗಡಿಯಲ್ಲಿ ಜೋಡಿಯಾಗಿಯೇ ಕೊಡುತ್ತಾರೆ, ಮನೆಗೆ ಬಂದ ಮೇಲೆ ಅವು ಯಾಕೆ ಜೋಡಿಯಾಗಿ ಬಾಳುವುದಿಲ್ಲ ಎಂದು ಶಾಂತಿ ಮೇಷ್ಟ್ರು ಆ ಬೆಳಿಗ್ಗೆ ಇಡೀ ಬೀದಿಗೆ ಕೇಳುವಂತೆ ವಿಚಾರಣೆ ನಡೆಸುತ್ತಿದ್ದರು. ಮಂಚದ ಕೆಳಗೆ, ಬೀರುವಿನ ಹಿಂದೆ, ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಹುಡುಕಿಯಾಗಿತ್ತು. ಸಿಕ್ಕ ಒಂಟಿ ಕಾಲುಚೀಲವನ್ನು ಕಳ್ಳನ ಜುಟ್ಟು ಹಿಡಿದಂತೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, ಈ ಮನೆಯಲ್ಲಿ ಯಾವುದಾದರೂ ವಸ್ತು ಇಟ್ಟ ಜಾಗದಲ್ಲಿ ಇರುತ್ತದೆಯೇ ಎಂದು ಗುಡುಗಿದರು.

ಹೆಂಡತಿ ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ, "ಇಟ್ಟರೆ ಇರತ್ತೆ ರೀ. ನೀವು ಎಸೆದಿರ್ತೀರಿ" ಎಂದಳು.

ಮಾತು ನಿಜವಾಗಿತ್ತು. ಕೋಪ ನೆತ್ತಿಗೇರಲು ಅಷ್ಟೇ ಸಾಕಾಯಿತು.

ಮೇಷ್ಟ್ರು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುವವರು. 'ಶಾಂತಿ ಮೇಷ್ಟ್ರು' ಎನ್ನುವುದು ಊರವರು ಪ್ರೀತಿಯಿಂದ ಕೊಟ್ಟ ಬಿರುದು. (ಊರವರು ಎಂದರೆ ಮನೆಯಿಂದ ನಾಲ್ಕಾರು ಬೀದಿ ಆಚೆ ಇರುವವರು. ಅಕ್ಕಪಕ್ಕದವರು ಕೊಟ್ಟ ಬಿರುದು ಬೇರೆ, ಅದು ಇಲ್ಲಿ ಬೇಡ.) ಕೋಪವನ್ನು ಗೆಲ್ಲುವ ಬಗೆ ಕುರಿತು ಅವರೊಂದು ದಪ್ಪ ಪುಸ್ತಕ ಬರೆದಿದ್ದರು. ಅದನ್ನು ಬರೆಯುವಷ್ಟು ಕಾಲ ಮನೆಯಲ್ಲಿ ಮಿಕ್ಸಿ ತಿರುಗುವಂತಿರಲಿಲ್ಲ, ಯಾರೂ ಜೋರಾಗಿ ಸೀನುವಂತಿರಲಿಲ್ಲ. ಸಹನೆಯ ಅಧ್ಯಾಯ ಮುಗಿಯುವುದರೊಳಗೆ ಲೋಟಗಳೂ ಮುಗಿದಿದ್ದವು. ಪುಸ್ತಕ ಬಂದದ್ದೇ, ಕಚೇರಿಗಳಿಂದ ಕರೆಯೋ ಕರೆ. ಆವತ್ತು ವಿಮಾ ಕಚೇರಿಯೊಂದರಲ್ಲಿ ಭಾಷಣವಿತ್ತು. ಅಲ್ಲಿ ಕೌಂಟರಿನಲ್ಲಿ ಕೂತವರ ಮೇಲೆ ಗ್ರಾಹಕರು ಕೂಗಾಡುತ್ತಿದ್ದರಂತೆ. ಕೂತವರೂ ತಿರುಗಿ ಕೂಗಿ, ವಿಷಯ ದೊಡ್ಡವರ ತನಕ ಹೋಗಿತ್ತಂತೆ. ಭಾಷಣ ಹಿಡಿಸಿದರೆ ಎಲ್ಲ ಶಾಖೆಗಳಿಗೂ ನಿಮ್ಮನ್ನೇ ಕರೆಸುತ್ತೇವೆ ಎಂದು ಅಲ್ಲಿನ ಮ್ಯಾನೇಜರ್ ಹೇಳಿದ್ದರು. ಆಕೆಯೇ ಕಾರಿನಲ್ಲಿ ಬಂದು ಕರೆದೊಯ್ಯುವವರಿದ್ದರು.

ಕಾಲುಚೀಲವನ್ನು ನೆಲಕ್ಕೆ ಅಪ್ಪಳಿಸಿ ಮೇಷ್ಟ್ರು ಸ್ನಾನಕ್ಕೆ ನುಗ್ಗಿದರು. ಬಚ್ಚಲುಮನೆಯ ಚಿಲಕ ಬಿಗಿ ಹಿಡಿಯುತ್ತಿದೆ, ಮೆಲ್ಲಗೆ ಹಾಕಿ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಸಿಟ್ಟಾದವರ ನಿಘಂಟಿನಲ್ಲಿ 'ಮೆಲ್ಲಗೆ' ಎಂಬ ಪದವೇ ಇರುವುದಿಲ್ಲ. ಬಾಗಿಲನ್ನು ಧಡಾರನೆ ಬಡಿದು ಚಿಲಕವನ್ನು ಗುದ್ದಿ ಕೂರಿಸಿದರು. ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು ತೆಗೆಯಲು ಹೋದರೆ ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಎಳೆದರು, ಜಗ್ಗಿದರು, ಸೋಪು ಸವರಿದರು. ಕೊನೆಗೆ ಹಿಡಿ ಕಿತ್ತು ಕೈಗೆ ಬಂತು. (ಚಿಲಕ ಬರಲಿಲ್ಲ.)

ಹೆಂಡತಿ ಬಡಗಿಗೆ ಫೋನ್ ಮಾಡಿದಳು. ಆತ ಇನ್ನೊಬ್ಬರ ಮನೆಯಲ್ಲಿ ಕಿಟಕಿ ಕೂರಿಸುತ್ತಿದ್ದ, ಮುಗಿಸಿ ಬರುತ್ತೇನೆ ಎಂದ. ಅದನ್ನು ಕೇಳಿದ ಮೇಷ್ಟ್ರು ಒಳಗಿನಿಂದಲೇ ಬಡಗಿಯ ವಂಶಾವಳಿ ತೆಗೆದರು. ಆಮೇಲೆ ಚಿಲಕ ಮಾಡಿದವನದು, ಮನೆ ಕಟ್ಟಿದವನದು ಮುಗಿಸಿ, ಹೆಂಡತಿಯ ತವರಿಗೆ ಬಂದು ನಿಂತರು. ಮದುವೆಯಾದಾಗಿನಿಂದ ಅವರ ಕೋಪದ ಬಂಡಿಗೆ ಅದೇ ಕಡೆಯ ನಿಲ್ದಾಣ.

ಆಕೆ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಳು. ಗಂಡನ ಪುಸ್ತಕ ತಂದು, ನಿಜವಾಗಿಯೂ ಸಹಾಯವಾಗಲಿ ಎಂದೇ, ಹಾಳೆ ತಿರುವಿದಳು.

"ಕೋಪ ಬಂದ ಕೂಡಲೇ ಆ ಜಾಗ ಬಿಟ್ಟು ಹೊರಗೆ ನಡೀಬೇಕು ಅಂತ ಬರೆದಿದ್ದೀರಲ್ಲ ರೀ."

"ಹೊರಗೆ ಹೋಗೋಕೆ ಆಗ್ತಿಲ್ಲ ಅಂತಾನೇ ಕಣೇ ಕೋಪ ಬಂದಿರೋದು."

"ಹಾಗಾದಾಗ ಏನು ಮಾಡಬೇಕು ಅಂತ ಬರೆದಿಲ್ವಾ?"

ಬರೆದಿರಲಿಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬೇಕು ಎಂದು ಮಾತ್ರ ಇತ್ತು. ನೋಡಿಕೊಂಡರು. ಇನ್ನಷ್ಟು ಕೋಪ ಬಂತು. ಪುಸ್ತಕದ ಬದನೆಕಾಯಿ ಅನ್ನುವುದು ಇದಕ್ಕೇ ಇರಬೇಕು ಎಂದು ಹೆಂಡತಿ ತನ್ನಷ್ಟಕ್ಕೆ ಗೊಣಗಿದ್ದು ಬಾಗಿಲ ಸಂದಿಯಿಂದ ಒಳಗೆ ಹೋಯಿತು. ಆಮೇಲೆ ಒಳಗಿನಿಂದ ಬಂದ ಮಾತು ಅಚ್ಚು ಹಾಕಿಸುವಂಥದ್ದಲ್ಲ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಹೆಂಡತಿ ಎದ್ದು ಹೋದಳು. ಹೆಜ್ಜೆ ಸಪ್ಪಳ ಹತ್ತಿರ ಬಂತು, ಯಾರೋ ಬಚ್ಚಲ ಬಾಗಿಲನ್ನು ಮೆತ್ತಗೆ ತಟ್ಟಿದರು. ಕಡೆಗೂ ಬಡಗಿ ಬಂದ ಎಂದುಕೊಂಡರು ಮೇಷ್ಟ್ರು.

"ಬಂದ್ಯಾ ಮಹಾರಾಯ? ಇಲ್ಲೇನು ದನ ಕಟ್ಟಿಹಾಕಿದೆ ಅಂದ್ಕೊಂಡ್ಯಾ, ನಿನಗೆ ಬೇಕಾದಾಗ ಬಂದು ಬಿಚ್ಚೋಕೆ? ಬಾಗಿಲು ತೆಗಿ, ನಿನ್ನ ಚರ್ಮ ಸುಲಿದು ಹಾಕ್ತೀನಿ."

ಹೊರಗಿನಿಂದ ಹೆಂಗಸಿನ ದನಿಯೊಂದು ಬಂತು.

"ಸಾರ್, ನಾನು ವಿಮಾ ಕಚೇರಿ ಮ್ಯಾನೇಜರ್. ಶಾಂತಿ ಬಗ್ಗೆ ಮಾತಾಡೋಕೆ ನಿಮ್ಮನ್ನ ಕರ್ಕೊಂಡು ಹೋಗೋಣ ಅಂತ ಬಂದೆ."

ಆ ಬಚ್ಚಲುಮನೆಯಲ್ಲಿ ಆಮೇಲೆ ನೆಲೆಸಿದ ಶಾಂತಿಯನ್ನು ಯಾವ ಪುಸ್ತಕವೂ ವರ್ಣಿಸಲಾರದು.

ಬಡಗಿ ಬಂದು ಬಾಗಿಲು ಕಳಚುವವರೆಗೆ ಹೆಂಗಸರಿಬ್ಬರೂ ಮುಂದಿನ ಕೋಣೆಯಲ್ಲಿ ಚಹಾ ಕುಡಿದರು. ದಿನಾ ಹೀಗೆಯೇ ಎಂದು ಮ್ಯಾನೇಜರ್ ಕೇಳಿದ್ದಕ್ಕೆ ಹೆಂಡತಿ, ಹಾಗೇನಿಲ್ಲ, ರಜೆಯ ದಿನ ಸ್ವಲ್ಪ ಜಾಸ್ತಿ ಎಂದಳು. ಮೇಷ್ಟ್ರು ಕೋಟು ತೊಟ್ಟು, ತಲೆ ತಗ್ಗಿಸಿ ಹೊರಗೆ ಬಂದಾಗ ಮ್ಯಾನೇಜರ್ ಎದ್ದು ನಿಂತು, ಕಾರ್ಯಕ್ರಮದಲ್ಲಿ ಸಣ್ಣದೊಂದು ಬದಲಾವಣೆ ಎಂದರು. "ಇವತ್ತು ಮೇಡಂ ಮಾತಾಡ್ತಾರೆ. ಕೂಗಾಡೋರ ಎದುರಿಗೆ ದಿನಾ ಕೂರೋದು ಹೇಗೆ ಅಂತ ನಮ್ಮವರು ಕಲೀಬೇಕಾಗಿದೆ. ಅದು ಇವರಿಗೆ ಗೊತ್ತಿದೆ."

ಮೇಷ್ಟ್ರಿಗೆ ಮೊದಲ ಸಾಲಿನಲ್ಲಿ ಕುರ್ಚಿ ಕೊಟ್ಟರು. ಹೆಂಡತಿ ಮೈಕಿನ ಮುಂದೆ ನಿಂತು, ಮೊದಮೊದಲು ತಡವರಿಸಿ, ಆಮೇಲೆ ಅಡುಗೆಮನೆಯಲ್ಲಿ ಮಾತಾಡಿದಂತೆಯೇ ಮಾತಾಡಿದಳು. ಲೋಟದ ಕಥೆಗೆ ಜನ ಬಿದ್ದು ಬಿದ್ದು ನಕ್ಕರು. ನಿಮಗೆ ಕೋಪವೇ ಬರುವುದಿಲ್ಲವೇ ಎಂದು ಕೌಂಟರಿನ ಹುಡುಗಿಯೊಬ್ಬಳು ಕೇಳಿದಳು.

"ಯಾಕೆ ಬರಲ್ಲ? ಬೇಕಾದಷ್ಟು ಬರತ್ತೆ. ಆದರೆ ನಮ್ಮನೆಯಲ್ಲಿ ಕೋಪಕ್ಕೆ ಇರೋದು ಒಂದೇ ಕುರ್ಚಿ. ನಾನು ಹೋಗೋಷ್ಟರಲ್ಲಿ ಇವರು ಅದರಲ್ಲಿ ಕೂತುಬಿಟ್ಟಿರ್ತಾರೆ. ನಾನು ನಿಂತೇ ಇರ್ತೀನಿ."

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಎಲ್ಲಿ ನೋಡಬೇಕೆಂದು ತಿಳಿಯದೆ ತಮ್ಮ ಬೂಟು ನೋಡಿಕೊಂಡರು. ನಾಚಿಕೆಯಾಯಿತು. ನಾಚಿಕೆ ಅವರಲ್ಲಿ ಹೆಚ್ಚು ಹೊತ್ತು ನಾಚಿಕೆಯಾಗಿ ಉಳಿಯುವ ಪದಾರ್ಥವಲ್ಲ. ಮರುಗಳಿಗೆಗೆ ಕೋಪವಾಗಿ ಏರತೊಡಗಿತು.

"ಅಗೋ ನೋಡಿ," ಎಂದಳು ಹೆಂಡತಿ ಮೈಕಿನಲ್ಲಿ. "ಕಿವಿ ಕೆಂಪಾಯ್ತು. ಇದು ಶುರು. ಈಗ ನೀವು ಅವರ ಹತ್ತಿರ ಏನೂ ಮಾತಾಡಬಾರದು."

ಹಿಂದಿನ ಸಾಲಿನವರು ಕಿವಿ ನೋಡಲು ಎದ್ದು ನಿಂತರು.

ಮುಂದಿನ ವಾರದಿಂದ ಎಲ್ಲ ಶಾಖೆಗಳಲ್ಲೂ ಕಾರ್ಯಕ್ರಮ ನಿಗದಿಯಾಯಿತು. ಸಾರ್ ಕೂಡ ತಪ್ಪದೆ ಬರಬೇಕು, ಉದಾಹರಣೆ ಎದುರಿಗಿದ್ದರೆ ಜನಕ್ಕೆ ಬೇಗ ಅರ್ಥವಾಗುತ್ತದೆ ಎಂದರು ಮ್ಯಾನೇಜರ್. ಮನೆಗೆ ಬರುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಮೇಷ್ಟ್ರು ಉಸಿರೆಳೆದುಕೊಂಡು ಬಾಯಿ ತೆರೆದರು.

ಹೆಂಡತಿ ಅವರ ಕೈ ಮೇಲೆ ಕೈಯಿಟ್ಟು, "ಇಲ್ಲಿ ಬೇಡ ರೀ" ಎಂದಳು. "ಮುಂದಿನ ವಾರಕ್ಕೆ ಬೇಕಾಗತ್ತೆ."