ಪದಬ್ರಹ್ಮರ ಡಬ್ಬಿ ಸಂಶೋಧನೆ

“ಇವತ್ತು ಸಂಜೆಯೊಳಗೆ ಈ ಡಬ್ಬಿಯ ಜನ್ಮ ಜಾಲಾಡದಿದ್ರೆ ನಾನು ನಿಘಂಟು ಕಚೇರಿಯ ನೌಕರನೇ ಅಲ್ಲ!”

ಅಡುಗೆಮನೆಯ ಬಾಗಿಲಲ್ಲಿ ನಿಂತು, ಬನಿಯನ್ನಿನಲ್ಲೇ, ಪದಬ್ರಹ್ಮರು ಹೀಗೆ ಘೋರ ಪ್ರತಿಜ್ಞೆ ಮಾಡಿದರು.

ಪದಬ್ರಹ್ಮ ಎಂಬುದು ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು. ಅದರಲ್ಲಿದ್ದ ಗೇಲಿ ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ಕಚೇರಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಕ್ಷರದ ಪಟ್ಟ. ಇವರ ನಂತರ ಬಂದವರೆಲ್ಲ ‘ಕ’ಗೆ, ‘ಮ’ಗೆ ಯಜಮಾನರಾಗಿ ಮೆರೆಯುತ್ತಿದ್ದರೆ, ಇವರಿನ್ನೂ ಅವರಿವರ ಅಕ್ಷರಗಳಿಗೆ ಅಲ್ಪವಿರಾಮ ಹಾಕುತ್ತ ಕೂತಿದ್ದರು. ಈಗ ಪ್ರಧಾನ ಸಂಪಾದಕರೇ ಕರೆದು, “‘ಡಬ್ಬಿ’ಗೆ ಅರ್ಥ, ಮೂಲ ಎರಡೂ ಬರೆದಿಡಿ. ಭಾನುವಾರ ಸಂಜೆ ನಿಮ್ಮ ಮನೆಗೇ ಬಂದು ನೋಡ್ತೀನಿ. ಒಪ್ಪಿಗೆಯಾದ್ರೆ ‘ಡ’ ಪೂರ್ತಿ ನಿಮ್ಮದೇ!” ಅಂದುಬಿಟ್ಟಿದ್ದರು. ಅಂದಿನಿಂದ ಪದಬ್ರಹ್ಮರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ಡಬ್ಬಿ ಅಂದ್ರೆ ಡಬ್ಬಿ ಕಣ್ರೀ. ಅದಕ್ಕೇನು ಬರೀತೀರಿ?” ಎಂದಳು ಹೆಂಡತಿ, ಅಕ್ಕನ ಮನೆಗೆ ಹೊರಟು ಚಪ್ಪಲಿ ಮೆಟ್ಟುತ್ತಾ.

“ಹಾಗಂದ್ರೆ ಹೇಗೆ! ರೈಲಿಗೂ ಡಬ್ಬಿ ಇದೆ. ಕೆಟ್ಟ ಸಿನಿಮಾನೂ ಡಬ್ಬಾನೇ. ಡಬ್ಬಿ ಎಲ್ಲಿ ಮುಗಿಯುತ್ತೆ, ಡಬ್ಬ ಎಲ್ಲಿ ಶುರುವಾಗುತ್ತೆ? ಇದು ಜ್ಞಾನದ ಪ್ರಶ್ನೆ!”

“ಜ್ಞಾನ ಏನಾದ್ರೂ ಮಾಡ್ಕೊಳ್ಳಿ. ನನ್ನ ಅಡುಗೆಮನೆ ತಂಟೆಗೆ ಮಾತ್ರ ಬರಬೇಡಿ.”

ಅವಳು ಬೀದಿಯ ತಿರುವು ದಾಟಿದ್ದೇ ತಡ, ಪದಬ್ರಹ್ಮರು ಅಡುಗೆಮನೆಗೆ ದಂಡೆತ್ತಿ ಹೋದರು. ‘ಡಬ್’ ಎಂದು ಬೀಳುವುದರಿಂದಲೇ ಡಬ್ಬಿ ಎಂಬುದು ಅವರ ಸ್ವಂತ ಸಿದ್ಧಾಂತ. ಪರೀಕ್ಷೆ ಬೇಡವೇ? ಸ್ಟೂಲು ಹತ್ತಿ, ಮುಚ್ಚಳ ಬಿಗಿಮಾಡಿ, ಒಂದೊಂದನ್ನೇ ಕೆಳಗೆ ಬಿಟ್ಟರು. ತಗಡಿನದು ‘ಠಣ್’ ಎಂದಿತು. ಪ್ಲಾಸ್ಟಿಕ್ಕಿನದು ‘ಟಪ್’ ಎಂದಿತು. ಗಾಜಿನದು ‘ಫಳಾರ್’ ಎಂದು, ಸಿದ್ಧಾಂತದ ಜೊತೆಗೆ ತಾನೂ ಚೂರಾಯಿತು. ಕೊನೆಗೆ ಸ್ಟೂಲು ವಾಲಿ ಪದಬ್ರಹ್ಮರೇ ಬಿದ್ದಾಗ ‘ಡಬ್’ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು! “ಸಿಕ್ತು! ಸಿಕ್ತು!” ಎಂದು ಬಿದ್ದಲ್ಲೇ ಕುಣಿಯಲು ನೋಡಿದರು. ಸೊಂಟ ಉಳುಕಿದ್ದು ಆಗ ತಿಳಿಯಿತು.

ಇನ್ನು ಉಳಿದದ್ದು ಅರ್ಥ. ಪ್ರತಿ ವಸ್ತುವಿಗೂ ಅದರ ಹೆಸರಿನ ಚೀಟಿ ಅಂಟಿಸಿ, ಎದುರಿಗಿಟ್ಟುಕೊಂಡು ವ್ಯತ್ಯಾಸ ನೋಡುವುದು ಕಚೇರಿಯ ಪದ್ಧತಿ. ಇಲ್ಲೋ, ಹೆಂಡತಿ ಆಗಲೇ ಚೀಟಿ ಅಂಟಿಸಿಟ್ಟಿದ್ದಳು: ಉಪ್ಪು, ಸಕ್ಕರೆ, ಸೋಡಾ, ಸೋಪಿನ ಪುಡಿ. “ಛೆ, ಎಂಥ ಅಜ್ಞಾನ! ಇದು ಸಕ್ಕರೆ ಹೇಗಾದೀತು? ಇದು ಡಬ್ಬಿ!” ಎಂದು ಪದಬ್ರಹ್ಮರು ಅವನ್ನೆಲ್ಲ ಕಿತ್ತು ಕಸದ ಬುಟ್ಟಿಗೆ ಹಾಕಿದರು. ಬದಲಿಗೆ ‘ಡಬ್ಬಿ’, ‘ಕಿರುಡಬ್ಬಿ’, ‘ಡಬ್ಬ’, ‘ಹೆಡ್ಡಬ್ಬ’, ‘ಭರಣಿ’, ‘ಸಂದೇಹಾಸ್ಪದ’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿ, ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ನೋಡನೋಡುತ್ತಾ ಅವರಿಗೇ ಅವರ ಮೇಲೆ ಗೌರವ ಬಂತು.

ಸಂಜೆ ಹೆಂಡತಿಯೂ ಸಂಪಾದಕರೂ ಗೇಟಿನಲ್ಲೇ ಎದುರಾದರು. ಸಂಪಾದಕರು ನಡುಮನೆಯಲ್ಲಿ ಕೂತು ಬರಹ ಓದತೊಡಗಿದರು. ಕಾಫಿ ಮಾಡಲು ಒಳಗೆ ಹೋದ ಹೆಂಡತಿ ಹೌಹಾರಿದಳು.

“ರೀ... ಸಕ್ಕರೆ ಎಲ್ರೀ?”

“ಕಿರುಡಬ್ಬೀಲಿ.”

“ಯಾವ ಕಿರುಡಬ್ಬಿ? ಒಂದು ಸಾಲಿಗೆ ಸಾಲೇ ಕಿರುಡಬ್ಬಿ!”

“ಮೆಲ್ಲಗೆ ಮಾತಾಡೇ, ಸಾರ್ ಇದ್ದಾರೆ! ನೀನು ಹಾಲು ಕಾಯಿಸು. ಸಕ್ಕರೆ ನಾನು ಹಾಕ್ತೀನಿ.”

“ಒಂಚೂರು ನಾಲಿಗೆ ಮೇಲಿಟ್ಟು ನೋಡಿ ಹಾಕಿ.”

“ವಿಂಗಡಿಸಿದ್ದೇ ನಾನು ಕಣೇ. ನನಗೇ ಹೇಳಿಕೊಡ್ತೀಯಾ?”

ಧಾರಾಳವಾಗಿ ಎರಡು ಚಮಚ ಸುರಿದು ಜೋರಾಗಿ ಕಲಕಿ, ಲೋಟವನ್ನು ತಾವೇ ತಂದುಕೊಟ್ಟರು.

“ಆಹಾ! ಏನು ನೊರೆ!” ಎಂದು ಸಂಪಾದಕರು ದೊಡ್ಡ ಗುಟುಕು ಎಳೆದರು. ಮುಖ ಒಮ್ಮೆ ಕೆಂಪೇರಿತು, ಒಮ್ಮೆ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದರೆ, ಮಾತಿನ ಬದಲು ಗುಳ್ಳೆಯೊಂದು ಹೊರಟು, ತೇಲಿ ಬಂದು, ಪದಬ್ರಹ್ಮರ ಮೂಗಿನ ಮೇಲೆ ಪಟ್ಟನೆ ಒಡೆಯಿತು.

“ಅಯ್ಯೋ ನನ್ನ ಕರ್ಮವೇ! ಸೋಪಿನ ಪುಡಿ!” ಎಂದು ಹೆಂಡತಿ ನೀರಿನ ಚೊಂಬು ಹಿಡಿದು ಓಡಿ ಬಂದಳು.

ಸಂಪಾದಕರು ಬಾಯಿ ಮುಕ್ಕಳಿಸಿದಷ್ಟೂ ನೊರೆ ಬಂತು. ಪದಬ್ರಹ್ಮರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ‘ಡ’ ಕೈತಪ್ಪಿತಲ್ಲ ಎಂದು ಅವರಿಗೆ ಅಳುವೇ ಬಂದಿತ್ತು.

“ಬರಹ ಚೆನ್ನಾಗಿದೆ,” ಎಂದರು ಸಂಪಾದಕರು ಕೊನೆಗೂ, ಬಾಯಿ ಒರೆಸಿಕೊಳ್ಳುತ್ತಾ. “ನಿಮಗೊಂದು ಅಕ್ಷರ ಕೊಡಲೇಬೇಕು.”

“ಸಾರ್!”

“ಆದ್ರೆ ‘ಡ’ ಬೇಡ. ಡಬ್ಬಿಗೇ ಹೀಗೆ. ಮುಂದೆ ‘ಡೈನಮೈಟ್’ ಬರುತ್ತೆ, ಅದನ್ನೂ ನೀವು ಮನೇಲೇ ಪರೀಕ್ಷೆ ಮಾಡ್ತೀರಿ. ನಿಮಗೆ ‘ಙ’ ಕೊಟ್ಟಿದ್ದೀನಿ. ಪೂರ್ತಿ ನಿಮ್ಮದೇ!”

ಸಂಪಾದಕರು ಹೋದರು. ಪದಬ್ರಹ್ಮರು ಕುರ್ಚಿಗೆ ಕುಸಿದರು.

“ಅಕ್ಷರ ಸಿಕ್ತಲ್ಲ, ಮುಖ ಯಾಕೆ ಹಾಗೆ?” ಎಂದಳು ಹೆಂಡತಿ. “‘ಙ’ದಲ್ಲಿ ಏನೇನು ಪದ ಇದೆ?”

“ಆ ಅಕ್ಷರದಿಂದ ಶುರುವಾಗೋ ಪದ... ಒಂದೂ ಇಲ್ಲ ಕಣೇ.”

“ಸದ್ಯ, ಬದುಕಿದೆ! ಹಾಗಾದ್ರೆ ಬೇಕಾದಷ್ಟು ಪುರುಸೊತ್ತಾಯ್ತು. ಏಳಿ ಮೇಲೆ! ಯಾವ ಡಬ್ಬೀಲಿ ಏನಿದೆ ಅಂತ ಒಂದೊಂದಾಗಿ ನೆಕ್ಕಿ ಹೇಳಿ!”