ಸನ್ಮಾನಿತ ಸೆಂಟರ್ ಫಾರ್ವರ್ಡ್

ಕುಂದಾಪುರ ತಾಲೂಕಿನಲ್ಲಿ ಫುಟ್‌ಬಾಲಿನ ಏಳಿಗೆಗಾಗಿ ಅತಿ ಹೆಚ್ಚು ಹೊತ್ತು ಕುರ್ಚಿಯಲ್ಲಿ ಕುಳಿತ ಆಟಗಾರ ಹೆಮ್ಮಾಡಿಯ ರತನ್ ಎಂಬುದರಲ್ಲಿ ಎರಡು ಮಾತಿಲ್ಲ.

ಹೈಸ್ಕೂಲಿನಲ್ಲಿ ಅವನು ಆಡಿದ್ದೂ ಉಂಟು. ಸುಳ್ಳು ಯಾಕೆ, ಚೆನ್ನಾಗಿಯೇ ಆಡಿದ್ದ. ಜಿಲ್ಲಾ ಫೈನಲಿನಲ್ಲಿ ಅರ್ಧ ಮೈದಾನದಿಂದ ಹೊಡೆದ ಗೋಲೇ ಮುಳುವಾಯಿತು. ಮಾರನೇ ದಿನದಿಂದ ಶಾಲು, ಪೇಟ, ಹಣ್ಣಿನ ಬುಟ್ಟಿ. ಹೆಮ್ಮಾಡಿಯಲ್ಲಿ ಮುಗಿದರೆ ಸಾಲಿಗ್ರಾಮದಲ್ಲಿ, ಅಲ್ಲಿಂದ ಶಂಕರನಾರಾಯಣದಲ್ಲಿ. ಮೀನು ಮಾರುವ ತಾಯಿ ವನಜ ಖಾಲಿ ಬುಟ್ಟಿಗಳಿಗೆ ಬಂಗುಡೆ ತುಂಬಿದಳು.

ಕಾಲೇಜು ಅವನನ್ನು ಕ್ರೀಡಾ ಕೋಟಾದಲ್ಲಿ ಸೇರಿಸಿಕೊಂಡು, ಸನ್ಮಾನಗಳಿಗೆ ಹಾಜರಾತಿ ಕೊಟ್ಟಿತು. ಕೊನೆಯ ವರ್ಷ ರಾಜ್ಯ ತಂಡದ ಆಯ್ಕೆಗಾರರು ಅವನ ಆಟ ನೋಡಲೆಂದೇ ಬಂದರು. ಇದೊಂದೇ ಅವಕಾಶ. ರತನ್ ಬೂಟು ಕಟ್ಟಿ ನಿಂತ. ಆದರೆ ಪಂದ್ಯಕ್ಕೆ ಮುನ್ನ ಕಿರು ಸನ್ಮಾನವಿತ್ತು. ಬ್ಯಾನರ್ ಕಟ್ಟಲು ಕಂಬ ತಯಾರಿದೆಯಲ್ಲ ಎಂದು ವೇದಿಕೆಯನ್ನು ಗೋಲಿನ ಬಾಯಲ್ಲೇ ಹಾಕಲಾಗಿತ್ತು.

ಆರನೇ ಭಾಷಣದ ಹೊತ್ತಿಗೆ ರತನ್, ಕ್ರೀಡಾ ಸಮಿತಿಯ ಅಧ್ಯಕ್ಷ ಸುಧೀರ್ ಶೆಟ್ಟರ ಕಿವಿಯಲ್ಲಿ ಹೇಳಿದ: "ಸರ್, ಹತ್ ನಿಮಿಷ ಆಡ್ಕಂಡ್ ಬತ್ತೆ."

"ಎಂತ ಮಾರಾಯ! ನೀನೇ ಎದ್ ಹೋರೆ ಇವ್ರೆಲ್ಲ ಯಾರ್ ಬಗ್ಗೆ ಮಾತಾಡುದ್?"

ಸಭೆಯಿಂದ ವನಜ ಕೂಗಿದಳು: "ಹ್ವಾಯ್! ಮಾತ್ ಸಾಕ್, ನನ್ ಮಗನ್ನ ಆಡುಕ್ ಬಿಡಿ!"

"ತಾಯಿಯವರ ಹಿತನುಡಿಗೆ ಧನ್ಯವಾದಗಳು" ಎಂದ ನಿರೂಪಕ. ಅವಳಿಗೂ ಒಂದು ಶಾಲು ಹೊದಿಸಲಾಯಿತು.

ಸೂರ್ಯ ಮುಳುಗಿದ. ಪ್ರಕಟಣೆ ಹೊರಟಿತು: "ಬೆಳಕಿನ ಅಭಾವದಿಂದ ಪಂದ್ಯ ರದ್ದಾಗಿದೆ. ಕ್ರೀಡಾಕೂಟ ಯಶಸ್ವಿಯಾಗಿದೆ."

ನೋಡದ ಆಟಕ್ಕೆ ಅಂಕ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದರು ಆಯ್ಕೆಗಾರರು. ಚಹಾಕ್ಕೆಂದು ವೇದಿಕೆಯ ಹಿಂದೆ ಹೋದಾಗ ಅವರ ಕಣ್ಣಿಗೆ ಬಿದ್ದವನು ಎದುರು ತಂಡದ ಅನೂಪ್. ಅವನನ್ನು ಯಾರೂ ಸನ್ಮಾನಿಸಿರಲಿಲ್ಲವಾದ್ದರಿಂದ ಪಾಪ, ಗೋಡೆಗೆ ಚೆಂಡು ಒದೆಯುತ್ತಿದ್ದ. ಅವನೇ ಆಯ್ಕೆಯಾದ. ರತನ್‌ಗೆ ಹೊಟ್ಟೆಕಿಚ್ಚಾಯಿತು, ಅಳುವೂ ಬಂತು. ಪೇಟ ಹಣೆಯ ಕೆಳಗೆ ಜಾರಿದ್ದರಿಂದ ಯಾರಿಗೂ ಕಾಣಲಿಲ್ಲ.

ಅನೂಪ್ ಶಿಬಿರ ಸೇರಲು ಕೂಡಲೇ ಬಸ್ಸು ಹಿಡಿಯಬೇಕಿತ್ತು. ತಡವಾದರೆ ಆಯ್ಕೆ ರದ್ದು. ಶೆಟ್ಟರು ಸನ್ಮಾನಿಸದೆ ಬಿಟ್ಟಾರೆಯೇ? "ಪೆಂಡಾಲ್ ಹ್ಯಾಂಗೂ ಇತ್ತಲ್ಲ!" ಪೇಟ ಮಾತ್ರ ಒಂದೇ ಇತ್ತು. ರತನ್ ತನ್ನದನ್ನು ತೆಗೆದು ಅನೂಪನ ತಲೆಗಿಟ್ಟ.

"ಬಸ್ಸಿಗ್ ಹೊತ್ತಾಯ್ತ್" ಎಂದು ಅನೂಪ್ ಏಳಹೋದ.

ರತನ್ ಹೆಗಲು ಒತ್ತಿ ಕೂರಿಸಿದ. "ಅಲ್ಲಾಡ್ಬೇಡ ಮಾರಾಯ, ಪೇಟ ಬೀಳತ್ತ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲು ಸರಿಪಡಿಸಿಕೊಂಡು ವನಜಳೂ ತಟ್ಟಿದಳು.