ಅತ್ತೆಯ ದನಿಗೆ ಹೊಳಪು ಹಚ್ಚಿದ್ದು

ಅತ್ತೆಯ ದನಿಗೆ ಹೊಳಪು ಕೊಡುವ ಘನಕಾರ್ಯವನ್ನು ಸ್ವತಃ ನಾನೇ ಕೈಗೊಳ್ಳುತ್ತೇನೆ ಎಂದು ಊಟದ ಮೇಜಿನ ಮುಂದೆ ಘೋಷಿಸಿದಾಗ ನನ್ನ ಎದೆ ಚೆನ್ನಾಗಿಯೇ ಉಬ್ಬಿತ್ತು. ಮಾಡಿಕೊಡಿ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು!

ಅತ್ತೆ ಎಂದರೆ ನನ್ನ ಹೆಂಡತಿಯ ಅಮ್ಮ. ತೀರಿಕೊಂಡು ಕೆಲವು ತಿಂಗಳಾಗಿದ್ದವು. ಹೋಗುವ ಮುಂಚಿನ ವರ್ಷ ಒಂದು ಮಧ್ಯಾಹ್ನ ನಮ್ಮ ಹಾಲಿನ ಸೋಫಾದಲ್ಲಿ ನನ್ನ ಹೆಂಡತಿಯ ಪಕ್ಕ ಕೂತು ಅವರು ಎರಡು ಹಾಡು ಹಾಡಿದ್ದನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅವರ ದನಿ ಅಂತ ಈ ಲೋಕದಲ್ಲಿ ಉಳಿದಿರುವುದು ಅದೊಂದೇ. ಹೆಂಡತಿ ಆ ರೆಕಾರ್ಡಿಂಗನ್ನು ಇನ್ನೂ ಕೇಳಿರಲಿಲ್ಲ. ಫೋನನ್ನು ಕೈಗೆತ್ತಿಕೊಳ್ಳುವಳು, ಹಾಗೇ ಕೆಳಗಿಡುವಳು.

"ಒಬ್ಳೇ ಕೇಳೋ ಧೈರ್ಯ ನಂಗಿಲ್ಲ ರೀ. ಅಮ್ಮನ ಹುಟ್ಟಿದಬ್ಬಕ್ಕೆ ತಮ್ಮ ಬರ್ತಾನೆ. ಎಲ್ರೂ ಒಟ್ಟಿಗೆ ಕೂತು ಕೇಳೋಣ" ಎಂದಿದ್ದಳು.

ಇಷ್ಟು ಕೇಳಿದ ಮೇಲೆ ಕೈಕಟ್ಟಿ ಕೂರುವ ಗಂಡ ನಾನಲ್ಲ. ಮೊದಲು ನಾನೇ ಒಮ್ಮೆ ಹಾಕಿ ನೋಡಿದೆ. ದನಿ ಜೋರಾಗಿಯೇ ಇತ್ತು, ಆದರೆ ಕಂಬಳಿ ಹೊದ್ದು ಹಾಡಿದ ಹಾಗಿತ್ತು. ಜೋರಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಮೊದಲೆಲ್ಲ ಕೆಲಸದ ಮಧ್ಯೆ ಮೆಲ್ಲಗೆ ಗುನುಗುತ್ತಿದ್ದ ಅತ್ತೆ, ಕೊನೆಕೊನೆಗೆ ನಮ್ಮ ಮನೆಗೆ ಬಂದರೆ ಬಸ್ ಸ್ಟ್ಯಾಂಡಿಗೂ ಕೇಳಿಸುವ ಹಾಗೆ ಹಾಡತೊಡಗಿದ್ದರು. ಪಾಪ, ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದು ನಾನು ಒಳಗೊಳಗೇ ಮರುಗುತ್ತಿದ್ದೆ. ನನ್ನದು ಕನ್ನಡಕದ ಅಂಗಡಿ. ಪೇಪರನ್ನು ಮಾರುದೂರ ಹಿಡಿದು ಓದುವವರಿಗೆ "ಇದೆಲ್ಲ ಸಹಜ ಸಾರ್, ನಾಚ್ಕೊಳ್ಳೋದೇನಿಲ್ಲ, ಒಪ್ಕೊಂಡ್ಬಿಡಿ" ಎಂದು ಸಮಾಧಾನ ಹೇಳುವುದು ನನ್ನ ನಿತ್ಯದ ಕಸುಬು. ಮನುಷ್ಯನ ವಯಸ್ಸನ್ನು ದೂರದಿಂದಲೇ ಹಿಡಿಯಬಲ್ಲೆ ಎಂಬ ಹಮ್ಮು ನನಗೆ ಇದ್ದೇ ಇತ್ತು.

ಹಾಡಿನ ರೆಕಾರ್ಡಿಂಗನ್ನು ಕೊನೆಯದಾಗಿ ತಿದ್ದಿ ತೀಡುವುದಕ್ಕೆ ಮಾಸ್ಟರಿಂಗ್ ಎನ್ನುತ್ತಾರೆ. ಮಗಳ ಕಂಪ್ಯೂಟರಿನಲ್ಲಿ ಅದಕ್ಕೊಂದು ಈಕ್ವಲೈಜರ್ ಸಿಕ್ಕಿತು. ಪರದೆಯ ಮೇಲೆ ಒಂದು ಗೆರೆ. ಎಡತುದಿಯನ್ನು ಎತ್ತಿದರೆ ಗುಡುಗುಡು ಹೆಚ್ಚುತ್ತದೆ. ಬಲತುದಿಯನ್ನು ಎತ್ತಿದರೆ ಬಳೆಯ ಕಿಣಿಕಿಣಿ, ಸಕಾರ ಶಕಾರಗಳ ಮೊನೆ, ಉಸಿರು, ಹೀಗೆ ಸಣ್ಣ ಸದ್ದುಗಳೆಲ್ಲ ಮೇಲೆದ್ದು ದನಿ ಬೆಳಗುತ್ತದೆ. ಹೆಡ್‌ಫೋನ್ ಏರಿಸಿಕೊಂಡು ಬಲತುದಿಯನ್ನು ಸ್ವಲ್ಪ ಎತ್ತಿದೆ. ಏನೂ ಬದಲಾಗಲಿಲ್ಲ. ಇನ್ನಷ್ಟು ಎತ್ತಿದೆ. ಎಲ್ಲೋ ಒಂದು ಮಿಣುಕು ಕಂಡಂತಾಯಿತು. ಜಿಪುಣತನ ಯಾಕೆ ಎಂದು ಗೆರೆಯನ್ನು ಪರದೆಯ ನೆತ್ತಿಗೇ ಮುಟ್ಟಿಸಿದೆ. ಆಗ, ಆಹಾ, ಅತ್ತೆ ಎದುರಿಗೇ ಕೂತಂತೆ!

ಮಗಳನ್ನು ಕರೆದು ಹೆಡ್‌ಫೋನ್ ತೊಡಿಸಿದೆ. ಕಾದ ಕಾವಲಿ ಮುಟ್ಟಿದವಳಂತೆ ಕಿತ್ತು ಮೇಜಿನ ಮೇಲಿಟ್ಟಳು.

"ಅಪ್ಪ, ಕಿವಿಗೆ ಸೂಜಿ ಚುಚ್ಚಿದ ಹಾಗಿದೆ."

"ನಿಮಗೆಲ್ಲ ಬರೀ ಧಡಧಡ ಕೇಳಿ ಅಭ್ಯಾಸ. ನಾಜೂಕು ಅಂದ್ರೆ ಏನು ಗೊತ್ತು?"

ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತಳು. "ವಾಷಿಂಗ್ ಮಷೀನ್ ಆವಾಗಿಂದ ಕುಂಯ್‌ ಕುಂಯ್‌ ಅಂತಿದೆ. ಪಕ್ಕದಲ್ಲೇ ಕೂತಿದೀರಿ, ಆಫ್ ಮಾಡೋಕಾಗಲ್ವಾ?"

"ನಾನು ಹೆಡ್‌ಫೋನ್ ಹಾಕ್ಕೊಂಡಿದ್ದೆ."

ಅವಳು ಮೇಜಿನ ಮೇಲೆ ಬಿದ್ದಿದ್ದ ಹೆಡ್‌ಫೋನನ್ನು ನೋಡಿದಳು, ನನ್ನನ್ನು ನೋಡಿದಳು. ತಾನೇ ಹೋಗಿ ಮಷೀನ್ ಆಫ್ ಮಾಡಿದಳು.

ಅತ್ತೆಯ ಹುಟ್ಟುಹಬ್ಬ ಬಂತು, ಭಾಮೈದನೂ ಬಂದ. ಅತ್ತೆ ಕೂರುತ್ತಿದ್ದ ಸೋಫಾದ ಮೂಲೆಯನ್ನು ಯಾರೂ ಹೇಳದಿದ್ದರೂ ಎಲ್ಲರೂ ಖಾಲಿ ಬಿಟ್ಟು ಕೂತರು. ಹೆಂಡತಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನಾನು ಎರಡು ಮಾತಿನ ಪ್ರಾಸ್ತಾವಿಕ ಭಾಷಣ ಮುಗಿಸಿ, ಸ್ಪೀಕರಿನ ದನಿ ಏರಿಸಿ, ಗುಂಡಿ ಒತ್ತಿದೆ.

ಮೊದಲ ಸಾಲಿಗೇ ಭಾಮೈದ ಕಿವಿ ಮುಚ್ಚಿಕೊಂಡು ಕುರ್ಚಿಯಿಂದ ಅರ್ಧ ಎದ್ದ. ಬೆಕ್ಕು ಕಿಟಕಿಯಿಂದಲೇ ಊರು ಬಿಟ್ಟಿತು. ಮಗಳು ಎರಡೂ ಕಿವಿಗೆ ಬೆರಳು ತುರುಕಿಕೊಂಡಳು.

"ಭಾವ, ಗಾಜಿನ ಮೇಲೆ ಚಾಕು ಎಳೆದ ಹಾಗಿದೆಯಲ್ಲ" ಎಂದ ಭಾಮೈದ.

"ಅದೇ ಕಣಯ್ಯ ಹೊಳಪು!"

"ಇದು ನಮ್ಮಮ್ಮ ಅಲ್ಲ ರೀ" ಎಂದಳು ಹೆಂಡತಿ. ಅಷ್ಟು ತಿಂಗಳು ಕಾದು, ಅಷ್ಟು ಧೈರ್ಯ ಮಾಡಿ ಕೂತವಳು ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ನಿಲ್ಲಿಸಲು ಎದ್ದೆ. ಅಷ್ಟರಲ್ಲಿ ಆ ಪುಟ್ಟ ಹಾಡೇ ಮುಗಿಯಿತು.

ಎರಡು ಹಾಡುಗಳ ನಡುವೆ ಸ್ವಲ್ಪ ಖಾಲಿ ಜಾಗವಿತ್ತು, ಸುಮ್ಮನೆ ಗಾಳಿ ಊದಿದಂಥ ಸದ್ದು. ಕತ್ತರಿಸಿ ಎಸೆಯಬೇಕೆಂದುಕೊಂಡು ಮರೆತಿದ್ದೆ. ಆ ಜಾಗ ಬರುತ್ತಿದ್ದಂತೆ ಮೂವರೂ ಕಿವಿಯಿಂದ ಕೈ ತೆಗೆದರು. ಭಾಮೈದ ಮೊದಲು ನಕ್ಕ, ಆಮೇಲೆ ತಲೆ ತಗ್ಗಿಸಿದ. ಮಗಳು ಹಿಂದಕ್ಕೆ ಎಳೆದು ಅದನ್ನೇ ಮತ್ತೆ ಹಾಕಿದಳು.

"ಖಾಲಿ ಜಾಗಾನ ಯಾಕೆ ತಿರುಗಿ ತಿರುಗಿ ಹಾಕ್ತೀಯಮ್ಮ?"

"ಅಪ್ಪ, ಅದು ಖಾಲಿ ಅಲ್ಲ. ಅಜ್ಜಿ ಪಿಸುಗುಟ್ತಿದಾರೆ" ಎಂದಳು ಮೆಲ್ಲಗೆ. ಅದೂ ನನಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡೆ.

ಪಿಸುಮಾತೆಂದರೆ ಇರುವುದೆಲ್ಲ ಉಸಿರಿನ ಸದ್ದೇ ತಾನೆ? ಗೆರೆಯ ಬಲತುದಿಯನ್ನು ನೆತ್ತಿಗೇರಿಸಿ, ಅತ್ತೆ ತಮ್ಮ ಮಗಳ ಕಿವಿಯಲ್ಲಿ ಹೇಳಿದ ಗುಟ್ಟನ್ನು ನಾನೇ ಮನೆಮಂದಿಗೆಲ್ಲ ಸಾರಿಬಿಟ್ಟಿದ್ದೆ. ಕೇಳಿಸದೆ ಉಳಿದವನು ನಾನೊಬ್ಬನೇ.

"ಏನಂತಾರೆ?" ಎಂದೆ.

ಭಾಮೈದ ಅಕ್ಕನ ಮುಖ ನೋಡಿದ. ಕೊನೆಗೆ ಹೆಂಡತಿ ಕಣ್ಣೊರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. "ಇದು ಫೋನಿಗೆ ಬಿದ್ದಿರತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ ರೀ" ಎಂದು, ಅಮ್ಮನ ಮಾತನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದಳು.

"ನಿನ್ನ ಯಜಮಾನರಿಗೆ ಕಿವಿ ಮಂದ ಆಗ್ತಿದೆ ಕಣೇ. ನೀನೇನೂ ಅನ್ಬೇಡ, ಬೇಜಾರು ಮಾಡ್ಕೋತಾರೆ. ಅವರಿಗೂ ಕೇಳ್ಲಿ ಅಂತಾನೇ ನಾನು ಗಟ್ಟಿಯಾಗಿ ಹಾಡ್ತಿರೋದು. ಗಂಟಲು ನೋಯತ್ತೆ, ಆದ್ರೂ ಪರವಾಗಿಲ್ಲ."

ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಬಸ್ ಸ್ಟ್ಯಾಂಡಿಗೂ ಕೇಳಿಸುತ್ತದೆ ಎಂಬ ಜೋಕನ್ನು ಆ ಮಧ್ಯಾಹ್ನವೂ ಅವರ ಎದುರಿಗೇ ಹೇಳಿದ್ದೆ. ಅತ್ತೆ ನಕ್ಕು, ನೀರು ಕುಡಿದು, ಇನ್ನೊಂದು ಹಾಡು ಎತ್ತಿಕೊಂಡಿದ್ದರು. ಅವರು ಇದ್ದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವರಿಲ್ಲ.

"ಇದೆಲ್ಲ ಸಹಜ ಸಾರ್" ಎಂದಳು ಹೆಂಡತಿ, ನನ್ನ ಅಂಗಡಿಯ ದನಿಯಲ್ಲೇ. "ನಾಚ್ಕೊಳ್ಳೋದೇನಿಲ್ಲ, ಒಪ್ಕೊಂಡ್ಬಿಡಿ."

ಪುಣ್ಯಕ್ಕೆ ಫೋನಿನಲ್ಲಿದ್ದ ಮೂಲಕ್ಕೆ ನಾನು ಕೈ ಹಚ್ಚಿರಲಿಲ್ಲ. ಮಗಳು ಅದನ್ನು ಹಾಕಿದಳು. ಹೆಂಡತಿ ಮೊದಲ ಸಾಲಿಗೇ "ಅಮ್ಮ" ಎಂದು ನನ್ನ ತೋಳು ಹಿಡಿದುಕೊಂಡಳು. ಅವರೆಲ್ಲರಿಗೂ ಆ ದನಿ ಹೊಳೆಯುತ್ತಲೇ ಇತ್ತಂತೆ. ನನಗೆ ಕಂಬಳಿಯೊಳಗಿನ ದನಿಯೇ, ಆದರೆ ಒಂದಕ್ಷರವೂ ತಪ್ಪದೆ ಕೇಳಿಸಿತು. ಕಂಪ್ಯೂಟರಿನ ಮುಂದೆ ಅಷ್ಟೆಲ್ಲ ಹೊತ್ತು ನಾನು ಹೆಣಗಿದ ಕೆಲಸವನ್ನು ಅತ್ತೆ ಹಾಡುವಾಗಲೇ ಮುಗಿಸಿಟ್ಟು ಹೋಗಿದ್ದರು.